ನಮಸ್ಕಾರ ಮುಂದುವರಿದಿದೆ

ಜನ ಏನು ಮಾಡುತ್ತಿದ್ದಾರೆ ಎಂದು ನೋಡಿ ಹೇಳುವುದೇ ನನ್ನ ಕೆಲಸ. ಕೇಳಿದವರೆಲ್ಲ ನಗುತ್ತಾರೆ. ಬಸವನಗುಡಿಯ ನಮ್ಮ ಬೀದಿಯಲ್ಲಿ ಈ ಕೆಲಸವನ್ನು ಸಂಬಳವಿಲ್ಲದೆ ಮಾಡುವವರು ಮನೆಗೊಬ್ಬರಿದ್ದಾರೆ, ನಿಮಗೆ ಮಾತ್ರ ಕರೆದು ಸಂಬಳ ಕೊಟ್ಟವರು ಯಾರು ಅಂತ ನಮ್ಮ ನಾದಿನಿ ಕೇಳಿದ್ದಳು.

ನಮ್ಮ ಆಫೀಸು ಇರುವುದು ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯ ಪಕ್ಕದ ಅಡ್ಡರಸ್ತೆಯೊಂದರಲ್ಲಿ, ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಮನೆಮನೆಗಳಲ್ಲಿ ಮೊಬೈಲ್ ಕ್ಯಾಮೆರಾದಿಂದ ತೆಗೆದ ಪುಟ್ಟಪುಟ್ಟ ವಿಡಿಯೋಗಳು ಅಲ್ಲಿಗೆ ಬರುತ್ತವೆ. ನಾನು ಒಂದೊಂದನ್ನೂ ನೋಡಿ, ಕ್ರಿಯೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಗುರುತು ಹಾಕಿ, ಪಟ್ಟಿಯಿಂದ ಅದಕ್ಕೊಂದು ಹೆಸರು ಆರಿಸಬೇಕು. ಕೂರುವುದು, ಏಳುವುದು, ಗುಡಿಸುವುದು, ಊಟ ಮಾಡುವುದು, ಬೀಳುವುದು. ಹೀಗೆ ಸಾವಿರಾರು ಸಲ ಹೇಳಿಕೊಟ್ಟ ಮೇಲೆ ಫೋನು ತಾನೇ ಗುರುತಿಸಲು ಕಲಿಯುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಒಂದು ಹಳೇ ಫೋನನ್ನು ಗೂಡಿನಲ್ಲಿ ನಿಲ್ಲಿಸಿಟ್ಟರೆ ಸಾಕು, ಅವರೇನಾದರೂ ಬಿದ್ದರೆ ಮಕ್ಕಳ ಫೋನಿಗೆ ತಕ್ಷಣ ಸುದ್ದಿ ಹೋಗಬೇಕು. ಅದಕ್ಕಾಗಿಯೇ ಇಷ್ಟೆಲ್ಲ.

ಇಪ್ಪತ್ತೆರಡು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ದಡ್ಡ ಮಕ್ಕಳಿಗೆ ಹೇಳಿಕೊಡುವ ಅಭ್ಯಾಸವಿದ್ದುದರಿಂದ ಈ ಕೆಲಸ ಕಷ್ಟವಾಗಲಿಲ್ಲ. ಫೋನಿನಂಥ ದಡ್ಡ ಶಿಷ್ಯನನ್ನು ಮಾತ್ರ ನಾನು ಕಂಡಿರಲಿಲ್ಲ. ಹೊಸಿಲ ಮುಂದೆ ರಂಗೋಲಿ ಹಾಕುವವಳನ್ನು ನೋಡಿ ಕಳೆದುಹೋದ ವಸ್ತು ಹುಡುಕುತ್ತಿದ್ದಾಳೆ ಎನ್ನುತ್ತಿತ್ತು. ಮೊಸರು ಕಡೆಯುವವಳು ಅದರ ಪ್ರಕಾರ ವ್ಯಾಯಾಮ ಮಾಡುತ್ತಿದ್ದಳು. ನಾನು ನಕ್ಕು ತಿದ್ದುತ್ತಿದ್ದೆ. ಆಫೀಸಿನಲ್ಲಿ ಮಿಕ್ಕವರೆಲ್ಲ ಮೂವತ್ತರ ಒಳಗಿನವರು. ಯಾವುದಾದರೂ ವಿಡಿಯೋ ಅರ್ಥವಾಗದಿದ್ದರೆ, 'ಮೇಡಂ, ಇದೇನು ಇವ್ರು ಮಾಡ್ತಿರೋದು?' ಎಂದು ನನ್ನ ಮೇಜಿಗೆ ಬರುತ್ತಿದ್ದರು. ನನಗೂ ತಲೆ ಸ್ವಲ್ಪ ತಿರುಗಿತ್ತು ಅಂತಲೇ ಹೇಳಬೇಕು. ಮೆಟ್ರೋದಲ್ಲಿ ಕೂತಾಗ ಎದುರಿನವರಿಗೆಲ್ಲ ಮನಸ್ಸಿನಲ್ಲೇ ಹೆಸರು ಹಚ್ಚುತ್ತಾ ಬರುತ್ತಿದ್ದೆ.

ನನ್ನ ಕೆಲಸ ಏನೆಂದು ಮನೆಯಲ್ಲಿ ಸರಿಯಾಗಿ ಅರ್ಥ ಮಾಡಿಕೊಂಡವರು ನಮ್ಮ ಮಾವ ಒಬ್ಬರೇ. ಅವರು ರೈಲ್ವೆ ಅಂಚೆಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. 'ನಂದೂ ಇದೇ ಕೆಲಸ ಕಣಮ್ಮ. ಯಾವ್ದು ಯಾವ ಚೀಲಕ್ಕೆ ಅಂತ ನೋಡಿ ಹಾಕೋದು. ಆದ್ರೆ ವಿಳಾಸ ಗೊತ್ತಾಗ್ದಿರೋ ಕಾಗದಕ್ಕೆ ಅಂತ್ಲೇ ನಮ್ಮಲ್ಲೊಂದು ಬೇರೆ ಚೀಲ ಇತ್ತು. ನಿಮ್ಮಲ್ಲಿ?' ಎಂದು ಕೇಳಿದರು. ನಮ್ಮಲ್ಲಿ ಇರಲಿಲ್ಲ. ಅನುಮಾನ ಬಂದರೆ ಹತ್ತಿರದ ಹೆಸರನ್ನೇ ಆರಿಸಿ ಅನ್ನುವುದು ನಮ್ಮ ನಿಯಮ.

ಮಾವನಿಗೆ ಆಗ ಎಂಬತ್ತೆರಡು. ಅತ್ತೆ ತೀರಿಕೊಂಡ ಮೇಲೂ ಅವರ ದಿನಚರಿ ಒಂದು ಕೂದಲೆಳೆ ಆಚೀಚೆ ಆಗಿರಲಿಲ್ಲ. ಒಂಬತ್ತಕ್ಕೆ ಸ್ನಾನ, ಆಮೇಲೆ ಪೂಜೆ, ಪೂಜೆ ಮುಗಿದ ಮೇಲೆ ದೇವರ ಮನೆಯ ಎದುರು, ಹಾಲಿನ ನೆಲದ ಮೇಲೆ ಸಾಷ್ಟಾಂಗ ನಮಸ್ಕಾರ. ಕೈಜೋಡಿಸಿ ತಲೆಬಾಗಿ ಮುಗಿಸುವ ಪೈಕಿ ಅಲ್ಲ ಅವರು. ಹಣೆ, ಎದೆ, ಮಂಡಿ ಎಲ್ಲ ನೆಲಕ್ಕೆ ತಾಗಿ, ಕೈ ಎರಡೂ ತಲೆಯ ಮುಂದೆ ಚಾಚಿ, ಒಂದೆರಡು ನಿಮಿಷ ಹಾಗೇ ಇದ್ದು ಏಳುತ್ತಿದ್ದರು. ವಿಶೇಷ ದಿನಗಳಲ್ಲಿ ಯಾವುದಾದರೂ ಸ್ತೋತ್ರ ಹೇಳಿಕೊಂಡರೆ ನಾಲ್ಕು ನಿಮಿಷ.

ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ಮಧ್ಯಾಹ್ನ ನಾನು ಬರುವ ತನಕ ಅವರೊಬ್ಬರೇ. ರಕ್ತದೊತ್ತಡ ಬೇರೆ. ಹಾಗಾಗಿ ಆಫೀಸಿನವರು ಪರೀಕ್ಷೆಗೆಂದು ಫೋನು ಕೊಟ್ಟಾಗ ನಾನೇ ಮುಂದೆ ಬಿದ್ದು ಇಸಿದುಕೊಂಡು ಬಂದು, ಹಾಲಿನ ಗೋಡೆಯ ಗೂಡಿನಲ್ಲಿಟ್ಟೆ. ಅದು ಚಿತ್ರ ಕಳಿಸುವುದಿಲ್ಲ, ಒಂದು ಸಾಲು ಅಕ್ಷರ ಮಾತ್ರ. ಚಿತ್ರ ಬೇಕಾದರೆ ಆ ಸಾಲಿನ ಮೇಲೆ ಒಮ್ಮೆ ಬೆರಳು ಒತ್ತಿದರಾಯಿತು. ಆ ಸಾಲುಗಳನ್ನು ಕನ್ನಡದಲ್ಲಿ ಬರೆದುಕೊಟ್ಟವಳೂ ನಾನೇ.

ಮೊದಲನೇ ದಿನವೇ ರಾಮಾಯಣವಾಯಿತು. ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಯವರ ಫೋನಿಗೆ 'ಬಿದ್ದಿದ್ದಾರೆ' ಎಂದು ಬಂತು. ಅವರು ಚಾಮರಾಜಪೇಟೆಯ ತಮ್ಮ ಆಫೀಸಿನಿಂದ ಸ್ಕೂಟರಿನಲ್ಲಿ, ಹೆಲ್ಮೆಟ್ ಮರೆತು, ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರೆ ಅಪ್ಪ ಆರಾಮಾಗಿ ಕೂತು ಪೇಪರು ಓದುತ್ತಿದ್ದಾರೆ. ಎರಡನೇ ದಿನವೂ ಅದೇ. ಮೂರನೇ ದಿನ ಮಾವನಿಗೆ ಸಿಟ್ಟು ನೆತ್ತಿಗೇರಿತು.

'ದೇವ್ರಿಗೆ ನಮಸ್ಕಾರ ಮಾಡಿದ್ರೆ ಬಿದ್ದ ಅಂತ ಊರಿಗೆಲ್ಲ ಸಾರುತ್ತಲ್ಲಮ್ಮ ನಿನ್ನ ಫೋನು! ಇದುವರೆಗೂ ಯಾರಾದ್ರೂ ನಮಸ್ಕಾರ ಮಾಡೋದನ್ನ ನೋಡಿದ್ಯಾ ಅದು?'

ಅವರು ಕೇಳಿದ್ದು ಸರಿಯಾಗಿತ್ತು. ಅದು ನೋಡಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಬೀಳುವುದು ಎನ್ನುವುದಕ್ಕೆ ನಾವು ಕೊಟ್ಟಿದ್ದ ಮಾದರಿಗಳೆಲ್ಲ ಆಫೀಸಿನ ಹುಡುಗ ಹುಡುಗಿಯರು ಹಾಸಿಗೆ ಹಾಸಿಕೊಂಡು ಬಿದ್ದು ತೋರಿಸಿದ್ದು. ನಗು ತಡೆದುಕೊಂಡು, ಪೆಟ್ಟಾಗದ ಹಾಗೆ ಕೈ ಊರಿ, ಬೋರಲಾಗಿ ಬೀಳುತ್ತಿದ್ದರು. ಅದಕ್ಕೂ ಮಾವನ ಸಾಷ್ಟಾಂಗಕ್ಕೂ ಫೋನಿಗೆ ವ್ಯತ್ಯಾಸ ಎಲ್ಲಿಂದ ಗೊತ್ತಾಗಬೇಕು?

ನಾನು ಆಫೀಸಿನಲ್ಲಿ ಇದನ್ನು ದೊಡ್ಡ ವಿಷಯ ಮಾಡಿದೆ. ನಮ್ಮ ಮನೆಗಳಲ್ಲಿ ದಿನಾ ನಡೆಯುವುದನ್ನೇ ತಿಳಿಯದ ಫೋನು ನಮ್ಮ ಮನೆಗೆ ಯಾಕೆ ಬರಬೇಕು ಎಂದು ಭಾಷಣ ಬಿಗಿದೆ. ಅಲ್ಲಿನ ಮುಖ್ಯಸ್ಥೆ ನನ್ನ ಮಗಳಾಗುವಷ್ಟು ವಯಸ್ಸಿನವಳು, ಸಮಾಧಾನದ ಹುಡುಗಿ. 'ಆಯ್ತು ಮೇಡಂ, ಕಲಿಸೋಣ' ಎಂದಳು. ಮಾವನಿಗೆ ವಿಷಯ ಹೇಳಿದರೆ ಅವರ ಮುಖ ಅರಳಿತು. ಒಂದು ಭಾನುವಾರ ಶುಭ್ರವಾದ ಪಂಚೆ ಉಟ್ಟು, ನಾನು ಫೋನನ್ನು ಎಲ್ಲೆಲ್ಲಿ ಹಿಡಿದರೆ ಅಲ್ಲಲ್ಲಿಂದ ಕಾಣುವ ಹಾಗೆ ಹನ್ನೊಂದು ಸಲ ನಮಸ್ಕಾರ ಮಾಡಿದರು. ಸಂಜೆ ಭುಜಕ್ಕೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. 'ಇನ್ನು ಮೇಲೆ ಯಾರ ಮನೇಲಿ ಯಾರು ನಮಸ್ಕಾರ ಮಾಡಿದ್ರೂ ಅದನ್ನ ಗುರುತು ಹಿಡಿಯೋ ಫೋನು ನನ್ನ ಶಿಷ್ಯ' ಎಂದರು.

ಪಟ್ಟಿಗೆ 'ನಮಸ್ಕಾರ' ಸೇರಿತು. ಆಗಲೇ ಆ ಹುಡುಗಿ ನನ್ನನ್ನು ಒಂದು ಮಾತು ಕೇಳಿದ್ದಳು.

'ಮೇಡಂ, ಎಷ್ಟು ಹೊತ್ತು ಮಲಗಿದ್ರೆ ನಮಸ್ಕಾರ ಅನ್ಬೇಕು? ಐದು ನಿಮಿಷ ಲಿಮಿಟ್ ಹಾಕೋಣ್ವಾ? ಅದಾದ್ಮೇಲೂ ಏಳ್ಲಿಲ್ಲ ಅಂದ್ರೆ ಅಲಾರಂ?'

ಹೌದು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಅವತ್ತು ಏನಾಗಿತ್ತೋ. ಸುತ್ತ ನಾಲ್ಕು ಜನ ನಿಂತಿದ್ದರು. ನಮ್ಮ ಮನೆಯ ಆಚಾರವನ್ನು ಎತ್ತಿ ಹಿಡಿಯುವ ಹುಮ್ಮಸ್ಸು. 'ದೇವರ ಮುಂದೆ ಮಲಗಿದವ್ರಿಗೆ ಎಂಥಾ ಲಿಮಿಟ್ ಅಮ್ಮ? ನಮ್ಮ ಮಾವ ಸಹಸ್ರನಾಮ ಹೇಳ್ಕೊಂಡು ಮಲಗಿದ್ರೆ ಅರ್ಧ ಗಂಟೆ ಆದ್ರೂ ಏಳಲ್ಲ!' ಎಂದೆ. ಅಂಥ ಸಹಸ್ರನಾಮ ನಾನು ಒಂದು ದಿನವೂ ಕಂಡಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ. ಆ ಹುಡುಗಿ ನನ್ನನ್ನು ನಂಬಿದಳು. ಅನುಭವಸ್ಥರು, ಮನೆಯಲ್ಲಿ ನೋಡಿದವರು ಎಂದು ಲಿಮಿಟ್ ತೆಗೆದುಹಾಕಿದಳು. ಅಷ್ಟು ಹೊತ್ತು ಸುದ್ದಿಯಿಲ್ಲದಿದ್ದರೆ ಮನೆಯವರು ಗಾಬರಿಯಾಗಬಾರದಲ್ಲ, ಅದಕ್ಕಾಗಿ ಹತ್ತು ನಿಮಿಷಕ್ಕೊಮ್ಮೆ ಬರಲಿ ಎಂದು ಇನ್ನೊಂದು ಸಾಲು ಬರೆದುಕೊಡಿ ಎಂದಳು. 'ನಮಸ್ಕಾರ ಮುಂದುವರಿದಿದೆ' ಎಂದು ಬರೆದುಕೊಟ್ಟೆ. ಚೆನ್ನಾಗಿದೆ ಎಂದು ಎಲ್ಲರೂ ಮೆಚ್ಚಿಕೊಂಡರು.

ನಾಲ್ಕು ತಿಂಗಳು ಎಲ್ಲ ಸುಸೂತ್ರವಾಗಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮಿಬ್ಬರ ಫೋನಿಗೂ 'ನಮಸ್ಕಾರ' ಎಂದು ಬರುವುದು, ಸ್ವಲ್ಪ ಹೊತ್ತಿಗೆ 'ಎದ್ದರು', ಆಮೇಲೆ 'ಕೂತಿದ್ದಾರೆ'. ನಮ್ಮ ಮನೆಯವರು ಅದನ್ನು ನೋಡಿ ಆಫೀಸಿನಲ್ಲಿ ನೆಮ್ಮದಿಯಾಗಿ ಕಾಫಿಗೆ ಏಳುತ್ತಿದ್ದರು. ಕ್ರಮೇಣ ಅವರು ನೋಡುವುದನ್ನೇ ಬಿಟ್ಟರು. ಬಿದ್ದರೆ ಮಾತ್ರ ಗಂಟೆ ಬಾರಿಸುವ ಹಾಗೆ ಮಾಡಿಸಿಕೊಂಡರು.

ಅದು ಎರಡನೇ ಶನಿವಾರ. ನನಗೆ ರಜ, ಅವರಿಗೆ ಆಫೀಸು. ಮಾವ ಪೂಜೆಗೆ ಕೂತಿದ್ದರು. ಮಾರನೇ ದಿನಕ್ಕೆ ಹೂವಿಲ್ಲ ಎಂದು ನಾನು ಗಾಂಧಿ ಬಜಾರಿಗೆ ಹೊರಟೆ. ಮನೆಯಿಂದ ಹತ್ತು ನಿಮಿಷದ ದಾರಿ. ಸೇವಂತಿಗೆ ಎರಡು ಮಾರು ಕಟ್ಟಿಸಿಕೊಂಡು ತಿರುಗುವಷ್ಟರಲ್ಲಿ ನನ್ನ ಹೈಸ್ಕೂಲಿನ ಗೆಳತಿ ಎದುರಾದಳು. ಎಷ್ಟೋ ವರ್ಷವಾಗಿತ್ತು. ರಸ್ತೆಯಲ್ಲಿ ನಿಂತು ಮಾತಾಡುವುದೇನು, ಬಾ ಎಂದು ಹೋಟೆಲಿಗೆ ಎಳೆದುಕೊಂಡು ಹೋದಳು. ದೋಸೆ ಹೇಳಿದೆವು.

ದೋಸೆ ಬರುವುದರೊಳಗೆ ಫೋನು ಕಿಣಿ ಎಂದಿತು. 'ನಮಸ್ಕಾರ.' ನೋಡಿ ಕೆಳಗಿಟ್ಟೆ. ದೋಸೆ ತಿಂದು ಕಾಫಿಗೆ ಹೇಳಿದಾಗ ಇನ್ನೊಂದು. 'ನಮಸ್ಕಾರ ಮುಂದುವರಿದಿದೆ.' ನನ್ನ ಸಾಲು ನಿಜವಾಗಿ ಬಂದದ್ದು ಅದೇ ಮೊದಲು. ನಾಲ್ಕು ತಿಂಗಳಲ್ಲಿ ಒಂದು ದಿನವೂ ಮಾವ ಹತ್ತು ನಿಮಿಷ ಮಲಗಿರಲಿಲ್ಲ. ಅದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ, ಹೊಳೆದದ್ದನ್ನು ಪಕ್ಕಕ್ಕೆ ಸರಿಸಿದೆ. ಇವತ್ತು ಏನೋ ವಿಶೇಷ ಇರಬೇಕು, ನಿಜವಾಗಿಯೂ ಸಹಸ್ರನಾಮಕ್ಕೆ ಶುರು ಹಚ್ಚಿಕೊಂಡರೋ ಏನೋ ಅಂದುಕೊಂಡೆ. ನಾನು ಆಡಿದ ಸುಳ್ಳನ್ನು ನಾನೇ ನಂಬಿದ್ದೆ. ಇನ್ನೊಂದು ಮಾತೂ ಇದೆ. ಬೆಳಿಗ್ಗೆ ಕಾಫಿ ನೀರಾಗಿದೆ ಎಂದು ಮಾವ ಗೊಣಗಿದ್ದರು, ನನಗೆ ಬೇಸರವಿತ್ತು. ಅವರು ದೇವರ ಮುಂದೆ ಇರುವಷ್ಟು ಹೊತ್ತು ನನಗೆ ಬಿಡುವು ಎಂದು ಹಾಯೆನಿಸಿತು.

ಗೆಳತಿಗೆ ಫೋನು ತೋರಿಸಿದೆ. 'ನೋಡೆ, ನಮ್ಮ ಮಾವ ಇನ್ನೂ ಎದ್ದಿಲ್ಲ. ದೇವ್ರೇ ಸಾಕು ಏಳಪ್ಪ ಅನ್ಬೇಕು ಈಗ!' ಎಂದೆ.

ಇಬ್ಬರೂ ನಕ್ಕೆವು. ಅವಳು ಕಾಫಿ ನೆತ್ತಿಗೇರಿ ಕೆಮ್ಮುವಷ್ಟು ನಕ್ಕಳು. ಆ ಸಾಲಿನ ಮೇಲೆ ಒಂದು ಸಲ ಬೆರಳು ಒತ್ತಿದ್ದರೆ ಚಿತ್ರ ಕಾಣುತ್ತಿತ್ತು. ಫೋನು ನನ್ನ ಕೈಯಲ್ಲೇ ಇತ್ತು. ಅದಾದ ಮೇಲೆ ಇನ್ನೂ ಎರಡು ಸಲ ಕಿಣಿ ಎಂದಿತು. ಒಂದನ್ನು ನೋಡಿದೆ, ಇನ್ನೊಂದನ್ನು ನೋಡಲೂ ಇಲ್ಲ.

ಮನೆಗೆ ಬಂದು ಬೀಗ ತೆಗೆದಾಗ ಮಾವ ದೇವರ ಮನೆಯ ಎದುರು ಬೋರಲಾಗಿ ಮಲಗಿದ್ದರು. ಬಲಗೈ ಮುಂದಕ್ಕಿತ್ತು. ಮುಖ ಮಾತ್ರ ಗೂಡಿನ ಕಡೆ ತಿರುಗಿತ್ತು. 'ಮಾವ, ಹೂವು ತಂದೆ' ಎಂದು ಎರಡು ಹೆಜ್ಜೆ ಒಳಗೆ ಇಟ್ಟವಳಿಗೆ ಬಾಯಿ ಸೊಟ್ಟಗಾಗಿರುವುದು ಕಾಣಿಸಿತು. ಕಣ್ಣು ತೆರೆದೇ ಇತ್ತು. ಮೂಲೆಮನೆಯ ಇಸ್ತ್ರಿಯವರು ಬಂದು ಎತ್ತಿದರು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, 'ಎಷ್ಟು ಹೊತ್ತಿಗೆ ಶುರುವಾಯ್ತು? ಕರೆಕ್ಟಾಗಿ ಹೇಳಿ' ಎಂದು. ನನ್ನ ಸೆರಗಿನ ಮರೆಯಲ್ಲಿ ಮುಷ್ಟಿಯೊಳಗಿದ್ದ ಫೋನಿಗೆ ನಿಮಿಷ ಸಹಿತ ಗೊತ್ತಿತ್ತು. 'ಗೊತ್ತಾಗ್ಲಿಲ್ಲ ಡಾಕ್ಟ್ರೇ, ಬಂದು ನೋಡ್ದಾಗ ಹೀಗಿದ್ರು' ಎಂದೆ.

ಪಾರ್ಶ್ವವಾಯು. ಜೀವ ಉಳಿಯಿತು. ಎಡಗೈ ಎಡಗಾಲು ಹೋದವು. ಮೂರು ವಾರದ ಮೇಲೆ ಮನೆಗೆ ಕರೆದುಕೊಂಡು ಬಂದೆವು. ಮಾತು ನಿಧಾನವಾಗಿ, ತೊದಲಿ ತೊದಲಿ ಮರಳಿತು. ನೋಡಲು ಬಂದವರೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳುತ್ತಿದ್ದರು. ನಮ್ಮ ಮನೆಯವರು ನನ್ನನ್ನು ಕೇಳದೆಯೇ, 'ಫೋನ್ ಇತ್ತಲ್ಲ, ಅದಕ್ಕೇ ಇವಳಿಗೆ ಬೇಗ ಗೊತ್ತಾಯ್ತು' ಎನ್ನುತ್ತಿದ್ದರು. ಅವರ ಫೋನಿಗೆ ಯಾಕೆ ಬರಲಿಲ್ಲ ಎಂದು ಅವರು ಯೋಚಿಸಿದಂತಿಲ್ಲ, ಅಥವಾ ಯೋಚಿಸಲು ಮನಸ್ಸಿರಲಿಲ್ಲ. ನಾನು ಅಡಿಗೆಮನೆಗೆ ಹೋಗಿ ಏನಾದರೂ ಒಂದನ್ನು ಕೈಗೆತ್ತಿಕೊಳ್ಳುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ಫೋನಿನ ಮಾತೆತ್ತಿದರೂ ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಮಾತು ಬಂದ ಮೇಲೆ ಮಾವನೂ ಅದನ್ನೇ ಹೇಳತೊಡಗಿದರು. ಬಂದವರಿಗೆ ಬಲಗೈಯಲ್ಲಿ ಗೂಡು ತೋರಿಸಿ, 'ಅದೇ ನನ್ನ ಉಳಿಸಿದ್ದು. ಅದು ನೋಡ್ತು, ಹೋಗಿ ಇವಳನ್ನ ಕರ್ಕೊಂಡ್ ಬಂತು' ಎನ್ನುತ್ತಿದ್ದರು. ನಾನು ಬಂದವರಿಗೆ ಕಾಫಿ ತಂದಿಡುತ್ತಿದ್ದೆ.

ಕೆಲಸಕ್ಕೆ ಮರಳಿದ ದಿನ ಆ ಹುಡುಗಿ ನನ್ನನ್ನು ಒಳಗೆ ಕರೆದಳು. ಅವಳ ಕಣ್ಣು ಕೆಂಪಾಗಿತ್ತು. ಪರೀಕ್ಷೆಗೆ ಕೊಟ್ಟ ಫೋನಾದ್ದರಿಂದ ಅಂದಿನ ಇಡೀ ವಿಡಿಯೋ ಅವರ ಬಳಿ ಉಳಿದಿತ್ತು.

'ಲಿಮಿಟ್ ವಾಪಸ್ ಹಾಕಿದೀನಿ ಮೇಡಂ. ತಪ್ಪು ನಂದು, ನಾನು ಒಪ್ಕೋಬಾರ್ದಿತ್ತು. ಇದನ್ನ ಅಳಿಸು ಅಂದ್ರೆ ಈಗ್ಲೇ ಅಳಿಸ್ತೀನಿ. ಆದ್ರೆ ನಮ್ಮ ಹತ್ರ ಇಂಥದ್ದು ಒಂದೂ ಇಲ್ಲ. ನಮ್ದೆಲ್ಲ ಹಾಸಿಗೆ ಮೇಲೆ ಬಿದ್ದಿದ್ದು. ಇದನ್ನ ನೋಡಿ ಅದು ಕಲಿತ್ರೆ ಇನ್ನೊಬ್ರ ಮನೇಲಿ...' ಎಂದು ನಿಲ್ಲಿಸಿದಳು. ಗುರುತು ಹಾಕಲು ಬೇರೆಯವರಿಗೆ ಕೊಡುತ್ತೇನೆ ಎಂದಳು. ಬೇಡ, ನಾನೇ ಹಾಕುತ್ತೇನೆ ಎಂದೆ. ಅವಳದೇನೂ ತಪ್ಪಿರಲಿಲ್ಲ. ಅದನ್ನು ಅವಳಿಗೆ ಹೇಳುವಷ್ಟು ಧೈರ್ಯ ಅವತ್ತು ನನಗೆ ಬಂತು, ಅಷ್ಟೇ.

ಮೂವತ್ತೆಂಟು ನಿಮಿಷದ ವಿಡಿಯೋ. ಶಬ್ದವಿಲ್ಲ. ಮಾವ ಕ್ರಮವಾಗಿ ಬಗ್ಗಿ, ಮಂಡಿಯೂರಿ, ಮಲಗಿದರು. ಒಂದೂವರೆ ನಿಮಿಷ ಎಂದಿನ ಹಾಗೆಯೇ ಇತ್ತು. ಅಲ್ಲಿವರೆಗೆ 'ನಮಸ್ಕಾರ' ಎಂದು ಗುರುತು ಹಾಕಿದೆ. ಆಮೇಲೆ ಏಳಲು ಬಲಗೈ ಊರಿದರು. ಎಡಗೈ ಬರಲಿಲ್ಲ. ಮತ್ತೆ ಊರಿದರು. ಮೂರನೇ ಸಲ ಭುಜ ಸ್ವಲ್ಪ ಎದ್ದು ಹಾಗೇ ಕುಸಿಯಿತು. ಬಲ ಅಂಗೈಯಿಂದ ನೆಲ ಬಡಿಯತೊಡಗಿದರು. ಬಡಿದು, ನಿಲ್ಲಿಸಿ, ಮತ್ತೆ ಬಡಿದರು. ನಮ್ಮ ಪಟ್ಟಿಯಲ್ಲಿ ಇದಕ್ಕೆ ಹೆಸರಿಲ್ಲ. ಇದು ಬೀಳುವುದಲ್ಲ, ಅವರು ಮೊದಲೇ ಮಲಗಿದ್ದರು. ನನ್ನ ಕೈ ಮೌಸಿನ ಮೇಲೇ ಇತ್ತು, ಒತ್ತಲಾಗಲಿಲ್ಲ.

ಒಂಬತ್ತನೇ ನಿಮಿಷದಲ್ಲಿ ಅವರು ಬಡಿಯುವುದನ್ನು ನಿಲ್ಲಿಸಿ ಕಷ್ಟಪಟ್ಟು ಮುಖ ತಿರುಗಿಸಿದರು. ಗೂಡಿನ ಕಡೆ. ಫೋನು ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಕ್ಯಾಮೆರಾವನ್ನೇ ನೇರವಾಗಿ ನೋಡಿದರು. ಅಲ್ಲಿಂದ ಕೊನೆಯವರೆಗೂ ಅವರು ಕೈ ಬಡಿಯಲಿಲ್ಲ, ಒದ್ದಾಡಲಿಲ್ಲ. ಬಸ್ಸು ಬಂದೇ ಬರುತ್ತದೆ ಎಂದು ಗೊತ್ತಿರುವವರು ಕಾಯುವ ಹಾಗೆ ಕಾದರು. ಅವರ ಕಣ್ಣು ನನ್ನ ಪರದೆಯ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಸಮಯ ನೋಡಿದೆ. ಅದೇ ಹೊತ್ತಿಗೆ ನಾನು ಗೆಳತಿಗೆ ಫೋನು ತೋರಿಸುತ್ತಿದ್ದೆ. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ವಿಡಿಯೋ ಉಳಿಸಿಕೊಳ್ಳಬೇಕಾದರೆ ಅದರಲ್ಲಿರುವವರ ರುಜು ಬೇಕು. ಆ ಕಾಗದ ಹಿಡಿದು ಸಂಜೆ ಮಾವನ ಮಂಚದ ಪಕ್ಕ ಕೂತೆ. ಏನು, ಎತ್ತ ಎಂದು ವಿವರಿಸಿದೆ. ಅವರು ಕೇಳಿಸಿಕೊಂಡು, ಖುಷಿಯಿಂದಲೇ ಪೆನ್ನಿಗೆ ಕೈ ನೀಡಿದರು.

'ಕೊಡು, ಕೊಡು. ನನ್ನ ಉಳಿಸ್ತು. ಇನ್ನೂ ನಾಲ್ಕು ಜನಾನ ಉಳಿಸ್ಲಿ.'

ಪೆನ್ನು ಕೊಡಲಾಗಲಿಲ್ಲ.

'ಮಾವ, ಅದು ನನ್ನ ಕರೀಲಿಲ್ಲ' ಎಂದೆ. 'ನೀವು ನಮಸ್ಕಾರ ಮಾಡ್ತಿದೀರಿ ಅಂತ್ಲೇ ಹೇಳ್ತಿತ್ತು. ನಾನು ಓದ್ದೆ. ಓದಿ ಸುಮ್ನಿದ್ದೆ. ನೀವು ಅರ್ಧ ಗಂಟೆಯಾದ್ರೂ ಏಳಲ್ಲ ಅಂತ ಅದಕ್ಕೆ ಸುಳ್ಳು ಹೇಳ್ಕೊಟ್ಟಿದ್ದೂ ನಾನೇ.'

ಅವರು ಗೂಡಿನ ಕಡೆ ನೋಡಿದರು.

'ಎಷ್ಟು ಹೊತ್ತಮ್ಮ?'

'ಮೂವತ್ತೆಂಟು ನಿಮಿಷ.'

'ನಾನು ಐದು ನಿಮಿಷ ಅಂದ್ಕೊಂಡಿದ್ದೆ' ಎಂದರು.

ಅವರ ಬಲಗೈ ಹೊದಿಕೆಯ ಅಂಚನ್ನು ಹಿಡಿದುಕೊಂಡಿತು. ಬೈದಿದ್ದರೆ ಸಹಿಸಬಹುದಿತ್ತು. ಇಷ್ಟು ದಿನ ಅವರ ಪಾಲಿಗೆ ಅದು ಐದು ನಿಮಿಷವಾಗಿತ್ತು, ಯಾರೋ ಓಡಿ ಬರುತ್ತಿದ್ದರು. ಅದನ್ನೂ ನಾನೇ ಕಿತ್ತುಕೊಂಡೆ.

'ಅಷ್ಟು ಹೊತ್ತು ನೀನೇನ್ ಮಾಡ್ತಿದ್ದೆ?'

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ತಿಳಿದುಕೊಳ್ಳಬೇಕಿತ್ತು, ಕೇಳಿದರು.

'ದೇವರಿಗೆ ಹೂವು ತಗೋತಿದ್ದೆ ಮಾವ' ಎಂದೆ.

ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು. ಕಾಗದಕ್ಕೆ ರುಜು ಅವತ್ತೂ ಹಾಕಲಿಲ್ಲ, ಆಮೇಲೂ ಹಾಕಿಲ್ಲ, ನಾನು ಕೇಳಿಯೂ ಇಲ್ಲ. ಹೂವು ಕೊಳ್ಳಲು ನನಗೆ ಹಿಡಿದದ್ದು ನಾಲ್ಕು ನಿಮಿಷ, ಅದೂ ಮೊದಲ 'ನಮಸ್ಕಾರ' ಬರುವುದಕ್ಕೆ ಮುಂಚೆಯೇ. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ, ಅವರಿಗೆ ಇನ್ನೂ ಹೇಳಿಲ್ಲ.